ಎರಡು ಸಿಮ್, ಎರಡು ಆ್ಯಪ್ ಇದ್ದೂ ಬಟವಾಡೆ ನಿಂತಿದ್ದು ಯಾಕೆ?

ಪ್ರಶ್ನೆ: ಸರ್, ಮೂಡಿಗೆರೆ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ. ಜೊತೆಗೆ ಮೂರು ರೂಮಿನ ಹೋಮ್‌ಸ್ಟೇ. ರೋಬಸ್ಟಾ ಕುಯ್ಲು ನಡೆಯುತ್ತಿದ್ದಾಗ ಒಂದು ಶನಿವಾರ ಸಂಜೆ ಬಟವಾಡೆಗೆ ಕೂತೆ. ಆರು ಜನಕ್ಕೆ ದುಡ್ಡು ಹೋಯಿತು. ಏಳನೆಯವರಿಂದ ಮೊಬೈಲ್‌ನಲ್ಲಿ ಚಕ್ರ ತಿರುಗುತ್ತಲೇ ಇತ್ತು. ಇಬ್ಬರದ್ದು ನನ್ನ ಖಾತೆಯಿಂದ ಕಟ್ ಆಯಿತು, ಅವರಿಗೆ ತಲುಪಲಿಲ್ಲ. ಇನ್ನೊಂದು ಆ್ಯಪ್ ತೆಗೆದೆ, ಇನ್ನೊಂದು ಸಿಮ್‌ನ ನೆಟ್ ಹಾಕಿದೆ. ಅದೂ ಅಷ್ಟೇ. ರಾತ್ರಿ ಹತ್ತರ ತನಕ ಹದಿನಾಲ್ಕು ಜನ ಕಣದಲ್ಲಿ ಕಾದು ಕೂತಿದ್ದರು. ಬೆಳಗಾದರೆ ಸಂತೆ. ಬ್ಯಾಂಕಿನವರು ಹಾಕಿದ್ದು ಒಂದೇ ಸಾಲು: 'ಕೆಲವು ಗ್ರಾಹಕರಿಗೆ ತಾತ್ಕಾಲಿಕ ತೊಂದರೆ ಆಗುತ್ತಿದೆ.' ಇಷ್ಟು ದೊಡ್ಡ ಕಂಪನಿಗಳವರು ಆ ಹೊತ್ತಿನಲ್ಲಿ ಒಳಗೆ ಏನು ಮಾಡುತ್ತಾ ಕೂತಿರುತ್ತಾರೆ? ಇದ್ದದ್ದು ಇದ್ದ ಹಾಗೆ ಯಾಕೆ ಹೇಳುವುದಿಲ್ಲ? ಇವರನ್ನು ನಂಬಿ ಕೂತಿದ್ದೇ ನಮ್ಮ ತಪ್ಪಾ?

ಉತ್ತರ: ಮೊದಲು ಆ ಇಬ್ಬರ ದುಡ್ಡಿನ ವಿಷಯ ಮುಗಿಸೋಣ. ಉಳಿದ ಮಾತು ಆಮೇಲೆ.

ನಿಮ್ಮ ಖಾತೆಯಿಂದ ಹೋಗಿ ಅವರಿಗೆ ತಲುಪದ ದುಡ್ಡು ಮಾರನೆಯ ದಿನದೊಳಗೆ ತಾನಾಗಿಯೇ ವಾಪಸ್ ಬರಬೇಕು. ಇದು ಬ್ಯಾಂಕಿನವರ ಉಪಕಾರ ಅಲ್ಲ, ಆರ್‌ಬಿಐ 2019ರ ಸೆಪ್ಟೆಂಬರ್‌ನಲ್ಲಿ ಮಾಡಿದ ನಿಯಮ. ತಡವಾದರೆ ದಿನಕ್ಕೆ ₹100 ಪರಿಹಾರ ಕೊಡಬೇಕು, ಅದೂ ನೀವು ಕೇಳದೆಯೇ. ಅಂಗಡಿಯ ಕ್ಯೂಆರ್‌ಗೆ ಕಟ್ಟಿದ ದುಡ್ಡಾದರೆ ಗಡುವು ಐದು ದಿನ. ಎಟಿಎಂನಲ್ಲಿ ನೋಟು ಬಾರದೆ ಖಾತೆಯಲ್ಲಿ ಮಾತ್ರ ಕಡಿತ ಆದರೂ ಐದೇ ದಿನ. ಈ ನೂರು ರೂಪಾಯಿ ವಿಷಯ ಬ್ಯಾಂಕಿನ ಕೌಂಟರಿನಲ್ಲಿ ಯಾರೂ ಎತ್ತುವುದಿಲ್ಲ. ನೀವೇ ಎತ್ತಬೇಕು.

ಈಗ ನಿಮ್ಮ ಎರಡು ಆ್ಯಪ್. ನೀವು ಬರೆದಿಲ್ಲ, ಆದರೆ ಎರಡಕ್ಕೂ ಒಂದೇ ಬ್ಯಾಂಕಿನ ಖಾತೆ ಜೋಡಿಸಿದ್ದೀರಿ ಅಂತ ನನ್ನ ಲೆಕ್ಕ. ಎರಡು ಹಗ್ಗ, ಗೂಟ ಒಂದೇ. ಯುಪಿಐ ಆ್ಯಪ್ ಅನ್ನುವುದು ಬರೀ ಮುಂಬಾಗಿಲು. ನೀವು ಪಿನ್ ಒತ್ತಿದ ಮೇಲೆ ಆ ಕೋರಿಕೆ ಆ್ಯಪ್‌ನ ಹಿಂದಿರುವ ಒಂದು ಬ್ಯಾಂಕಿಗೆ ಹೋಗುತ್ತದೆ. ಅಲ್ಲಿಂದ ಎನ್‌ಪಿಸಿಐ ಸ್ವಿಚ್‌ಗೆ, ಅಂದರೆ ಯುಪಿಐ ನಡೆಸುವ ಸಂಸ್ಥೆಯ ಕೂಡುದಾರಿಗೆ. ಅಲ್ಲಿಂದ ನಿಮ್ಮ ಬ್ಯಾಂಕಿನ ಮುಖ್ಯ ಲೆಕ್ಕದ ಪುಸ್ತಕಕ್ಕೆ, ಕಡಿತ ಮಾಡಲು. ಮತ್ತೆ ಸ್ವಿಚ್, ಆಮೇಲೆ ಆಳಿನ ಬ್ಯಾಂಕು, ಜಮೆ ಮಾಡಲು. ಇಷ್ಟೂ ಕೆಲವೇ ಸೆಕೆಂಡಿನಲ್ಲಿ. ಅಂದು ಕುಂಟಿದ್ದು ನಿಮ್ಮ ಬ್ಯಾಂಕಿನ ಲೆಕ್ಕದ ಪುಸ್ತಕ. ನೀವು ಆ್ಯಪ್ ಬದಲಿಸಿದಿರಿ, ಸಿಮ್ ಬದಲಿಸಿದಿರಿ, ಕುಂಟಿದ ಕಾಲನ್ನು ಮಾತ್ರ ಬದಲಿಸಲಿಲ್ಲ.

ಇಬ್ಬರದ್ದು ಕಟ್ ಆಗಿ ತಲುಪದೆ ಹೋದದ್ದೂ ಇದರಿಂದಲೇ. ನಿಮ್ಮ ಬ್ಯಾಂಕು ಕಡಿತ ಮಾಡಿತು, 'ಮಾಡಿದೆ' ಅಂತ ಸ್ವಿಚ್‌ಗೆ ಉತ್ತರ ಕೊಡುವುದರಲ್ಲಿ ತಡವಾಯಿತು. ಸ್ವಿಚ್ ಕಾದು ಕಾದು ಕೈಬಿಟ್ಟಿತು. ಹೌದೂ ಅಲ್ಲ, ಇಲ್ಲವೂ ಅಲ್ಲ ಅನ್ನುವ ಈ ಸ್ಥಿತಿಗೇ ಆ್ಯಪ್‌ನಲ್ಲಿ 'ಪೆಂಡಿಂಗ್' ಅನ್ನುವುದು. ಈ ಹೊತ್ತಿನಲ್ಲಿ ಎಲ್ಲರೂ ಮಾಡುವ ಕೆಲಸ ಒಂದೇ, ಮತ್ತೆ ಒತ್ತುವುದು. ದಯವಿಟ್ಟು ಒತ್ತಬೇಡಿ. ನಿಮಗೂ ನಷ್ಟ, ಊರಿಗೂ ನಷ್ಟ.

ಊರಿಗೆ ಹೇಗೆ ಅಂತೀರಾ? 2024ರ ಜುಲೈ ಮಳೆಯಲ್ಲಿ ಸಕಲೇಶಪುರದ ದೊಡ್ಡತಪ್ಪಲೆ ಹತ್ತಿರ ಗುಡ್ಡ ಜಾರಿ ಶಿರಾಡಿ ಘಾಟಿ ಬಂದ್ ಆಗಿತ್ತು, ನೆನಪಿದೆ ಅಲ್ವಾ? ಶಿರಾಡಿ ನಿಂತರೆ ಮಂಗಳೂರಿಗೆ ಹೋಗುವವರು ಮನೆಯಲ್ಲಿ ಕೂರುವುದಿಲ್ಲ. ಚಾರ್ಮಾಡಿಗೆ ತಿರುಗುತ್ತಾರೆ. ಕೊಟ್ಟಿಗೆಹಾರದಲ್ಲಿ ಸಾಲು ನಿಲ್ಲುತ್ತದೆ. ಗುಡ್ಡ ಜಾರಿದ್ದು ಒಂದು ಕಡೆ, ಬಳಲುವುದು ಇನ್ನೊಂದು ಕಡೆ. ಕಂಪ್ಯೂಟರ್‌ಗಳ ಲೋಕದಲ್ಲೂ ಇದೇ ಕಥೆ. 2025ರ ಏಪ್ರಿಲ್ 12ರಂದು, ಅದೂ ಶನಿವಾರವೇ, ದೇಶದಲ್ಲೆಲ್ಲ ಯುಪಿಐ ಗಂಟೆಗಟ್ಟಲೆ ಒದ್ದಾಡಿತು. ಎನ್‌ಪಿಸಿಐ ಆಮೇಲೆ ಕಂಡುಕೊಂಡ ಕಾರಣ ಕೇಳಿದರೆ ನಗು ಬರುತ್ತದೆ. ಕೆಲವು ಬ್ಯಾಂಕುಗಳ ಕಂಪ್ಯೂಟರ್‌ಗಳು 'ಆ ದುಡ್ಡು ಹೋಯ್ತಾ, ಆ ದುಡ್ಡು ಹೋಯ್ತಾ' ಅಂತ ಒಂದೇ ಸಮನೆ ಕೇಳುತ್ತಿದ್ದವು. ಹಳೆಯ ವ್ಯವಹಾರಗಳ ಬಗ್ಗೆಯೂ ಕೇಳುತ್ತಿದ್ದವು. ವಿಚಾರಣೆ ಜಾಸ್ತಿಯಾಗಿ ಕೆಲಸವೇ ನಿಂತಿತು. ಎಲ್ಲರೂ ಮತ್ತೆ ಮತ್ತೆ ಒತ್ತಿದರೂ ಇದೇ ಗತಿ. ಆಗಸ್ಟ್ 1ರಿಂದ ಇದಕ್ಕೆ ಕಡಿವಾಣ ಬಂತು. ಒಂದು ವ್ಯವಹಾರದ ಸ್ಥಿತಿಯನ್ನು ಮೂರೇ ಸಲ ಕೇಳಬಹುದು, ನಡುವೆ 90 ಸೆಕೆಂಡ್ ಬಿಡಬೇಕು. ಒಂದು ಆ್ಯಪ್‌ನಲ್ಲಿ ದಿನಕ್ಕೆ ಬ್ಯಾಲೆನ್ಸ್ ನೋಡುವುದು 50 ಸಲ ಮಾತ್ರ. ಐವತ್ತು ಸಲ ಬ್ಯಾಲೆನ್ಸ್ ನೋಡುವವರು ಯಾರಪ್ಪಾ ಅಂತ ನನಗೂ ಅನ್ನಿಸಿತ್ತು.

ಒಳಗೆ ಏನು ಮಾಡುತ್ತಾರೆ ಅಂತ ಕೇಳಿದ್ದೀರಿ. ಹದಿನಾಲ್ಕು ವರ್ಷದಿಂದ ನಾನು ಮಾಡುತ್ತಿರುವುದು ಇದೇ ಕೆಲಸ, ಬಿದ್ದ ಸರ್ವರ್‌ಗಳನ್ನು ಎಬ್ಬಿಸುವುದು. ಮೊದಲು ಬೆಂಗಳೂರಿನಲ್ಲಿ, ಈಗ ಹಾಸನದ ಮನೆಯಿಂದಲೇ. ಪಾಳಿಯ ವಾರ ಬಂದರೆ ಲ್ಯಾಪ್‌ಟಾಪ್ ಬಿಟ್ಟು ಮದುವೆ ಊಟಕ್ಕೂ ಹೋಗುವ ಹಾಗಿಲ್ಲ. ರಾತ್ರಿ ಎರಡಕ್ಕೆ ಫೋನ್ ಕಿರುಚುತ್ತದೆ. ಆ ಕಿರುಚಾಟಕ್ಕೆ ನಾವು ಇನ್ನೂ 'ಪೇಜರ್' ಅಂತಲೇ ಅನ್ನುತ್ತೇವೆ, ಪೇಜರ್ ಸತ್ತು ಎಷ್ಟೋ ಕಾಲ ಆಯಿತು. ಐದು ನಿಮಿಷದಲ್ಲಿ ಉತ್ತರ ಕೊಡದಿದ್ದರೆ ಅದು ಇನ್ನೊಬ್ಬರನ್ನು ಎಬ್ಬಿಸುತ್ತದೆ.

ಎದ್ದ ಮೇಲೆ ಎಲ್ಲರೂ ಒಂದು ಕಾಲ್‌ಗೆ ಸೇರುತ್ತಾರೆ. ಒಬ್ಬರು ಯಜಮಾನಿಕೆ ವಹಿಸುತ್ತಾರೆ. ಆ ಯಜಮಾನರು ರಿಪೇರಿಗೆ ಕೈ ಹಾಕಬಾರದು, ಇದು ಕಟ್ಟುನಿಟ್ಟು. ಯಾರು ಏನು ನೋಡಬೇಕು, ಯಾರು ಸುಮ್ಮನಿರಬೇಕು ಅಂತ ಹೇಳುವುದಷ್ಟೇ ಅವರ ಕೆಲಸ. ಇನ್ನೊಬ್ಬರು ನಿಮಿಷ ನಿಮಿಷಕ್ಕೆ ಆಗಿದ್ದನ್ನೆಲ್ಲ ಬರೆಯುತ್ತಾರೆ. ಮತ್ತೊಬ್ಬರು ಹೊರಗಿನ ಜನಕ್ಕೆ ಏನು ಹೇಳಬೇಕು ಅಂತ ನೋಡುತ್ತಾರೆ. ನೀವು ಓದಿದ ಆ ಒಂದು ಸಾಲು ಅವರದ್ದೇ.

ಮೊದಲ ಪ್ರಶ್ನೆ 'ಯಾಕೆ ಕೆಟ್ಟಿತು' ಅಲ್ಲ. 'ಈಗಷ್ಟೇ ನಾವು ಏನು ಬದಲಾಯಿಸಿದೆವು?' ಬದಲಾಯಿಸಿದ್ದನ್ನು ಮೊದಲು ಹಿಂದಕ್ಕೆ ತೆಗೆಯುತ್ತಾರೆ, ಕಾರಣ ಆಮೇಲೆ ಹುಡುಕುತ್ತಾರೆ. ನಿಮ್ಮ ಕಡೆಯ ಲೈನ್‌ಮನ್ ಮಾಡುವುದೂ ಇದನ್ನೇ. ಸಿಲ್ವರ್ ಮರದ ಕೊಂಬೆ ಎಲ್ಲೋ ತಂತಿ ಮೇಲೆ ಬಿದ್ದಿದೆ. ಆತ ಆ ಕೊಂಬೆ ಹುಡುಕುತ್ತಾ ಹತ್ತು ಮೈಲಿ ಅಲೆಯುವುದಿಲ್ಲ. ಸ್ವಿಚ್ ಎಳೆದು ಲೈನನ್ನು ಎರಡು ಭಾಗ ಮಾಡುತ್ತಾನೆ, ಒಳ್ಳೆಯ ಭಾಗಕ್ಕೆ ಕರೆಂಟು ಬಿಡುತ್ತಾನೆ, ಕೆಟ್ಟ ಭಾಗವನ್ನು ಮತ್ತೆ ತುಂಡು ಮಾಡುತ್ತಾನೆ. ನಮ್ಮಲ್ಲಿ ಇದನ್ನೇ ದೊಡ್ಡ ಹೆಸರಿಟ್ಟು ಹೊಸಬರಿಗೆ ಪಾಠ ಮಾಡುತ್ತಾರೆ. ಮಳೆಗಾಲದಲ್ಲಿ ನಿಮ್ಮೂರ ಲೈನ್‌ಮನ್ ಜೊತೆ ಒಂದು ದಿನ ಕಳಿಸಿದರೆ ಬೇಗ ಕಲಿತಾರು.

ನಾನೇ ಮಾಡಿದ ಒಂದು ಎಡವಟ್ಟು ಹೇಳುತ್ತೇನೆ. ಕಂಪನಿಯ ಹೆಸರು ಬೇಡ. ದುಡ್ಡು ಕಟ್ಟುವ ಒಂದು ವ್ಯವಸ್ಥೆ ನೋಡಿಕೊಳ್ಳುತ್ತಿದ್ದೆ. ಬ್ಯಾಂಕಿನಿಂದ ಉತ್ತರ ಬರಲು ಎಷ್ಟು ಹೊತ್ತು ಕಾಯಬೇಕು ಅನ್ನುವುದನ್ನು ಒಂದು ಫೈಲ್‌ನಲ್ಲಿ ಬರೆದಿರುತ್ತೇವೆ. ದೀಪಾವಳಿ ಹಿಂದಿನ ದಿನ ಸಂಜೆ ಐದರ ಹೊತ್ತಿಗೆ ಅದನ್ನು ಐದು ಸೆಕೆಂಡ್ ಮಾಡೋಣ ಅಂತ '5' ಅಂತ ಬರೆದೆ. ಕಳಿಸಿದೆ, ಬ್ಯಾಗ್ ಹೆಗಲಿಗೇರಿಸಿ ಹಾಸನದ ಬಸ್ಸು ಹತ್ತಿದೆ. ಆ ಫೈಲು ಮಿಲಿಸೆಕೆಂಡ್ ಲೆಕ್ಕದ್ದು. 5000 ಅಂತ ಬರೆಯಬೇಕಿತ್ತು. ಸೆಕೆಂಡಿನ ಇನ್ನೂರನೆಯ ಒಂದು ಭಾಗದಲ್ಲಿ ಯಾವ ಬ್ಯಾಂಕು ಉತ್ತರ ಕೊಟ್ಟೀತು? ಆ ಬದಲಾವಣೆ ಒಂದೊಂದೇ ಸರ್ವರ್‌ಗೆ ನಿಧಾನವಾಗಿ ತಲುಪುವುದು. ಹಾಗಾಗಿ ಬಸ್ಸು ಹಿರೀಸಾವೆ ದಾಟುವ ಹೊತ್ತಿಗೆ ದುಡ್ಡು ಕಟ್ಟುವುದು ಪೂರ್ತಿ ನಿಂತಿತ್ತು.

ಫೋನ್ ಬಂತು. ತೊಡೆ ಮೇಲೆ ಲ್ಯಾಪ್‌ಟಾಪ್, ಪಕ್ಕದಲ್ಲಿ ಒಬ್ಬರು ಅಜ್ಜಿ ಪಟಾಕಿ ಚೀಲ ಹಿಡಿದು ಕೂತಿದ್ದಾರೆ, ನೆಟ್‌ವರ್ಕ್ ಬರುತ್ತೆ ಹೋಗುತ್ತೆ. ಸಹೋದ್ಯೋಗಿ ಕೇಳಿದಳು, 'ನೀನು ಏನಾದರೂ ಬದಲಾಯಿಸಿದೆಯಾ?' 'ಸಣ್ಣದು, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ' ಅಂದೆ. ಆ ಒಂದು ಮಾತಿಗೆ ಇಪ್ಪತ್ತು ನಿಮಿಷ ಹಾಳಾಯಿತು. ಎಲ್ಲರೂ ಬ್ಯಾಂಕಿನ ಕಡೆ ಬೆರಳು ತೋರಿಸುತ್ತಾ ಕೂತರು. ಕೊನೆಗೆ ಅವಳು ನನ್ನನ್ನು ಕೇಳದೆಯೇ ನನ್ನ ಬದಲಾವಣೆಯನ್ನು ತೆಗೆದುಹಾಕಿದಳು. ಮೂರು ನಿಮಿಷದಲ್ಲಿ ಎಲ್ಲ ಸರಿಹೋಯಿತು. ಬಸ್ಸು ಚನ್ನರಾಯಪಟ್ಟಣದಲ್ಲಿ ಚಹಾಗೆ ನಿಂತಾಗ ನನಗೆ ಚಹಾ ಗಂಟಲಲ್ಲಿ ಇಳಿಯಲಿಲ್ಲ.

ಹಬ್ಬ ಮುಗಿಸಿ ಹೋದಾಗ ಕೆಲಸ ಹೋಗುತ್ತದೆ ಅಂದುಕೊಂಡಿದ್ದೆ. ಹೋಗಲಿಲ್ಲ. ವರದಿಯಲ್ಲಿ ನನ್ನ ಹೆಸರೇ ಇರಲಿಲ್ಲ, 'ಒಬ್ಬ ಎಂಜಿನಿಯರ್' ಅಂತಿತ್ತು. 100ಕ್ಕಿಂತ ಕಡಿಮೆ ಸಂಖ್ಯೆ ಬರೆದರೆ ಆ ಫೈಲೇ ಒಪ್ಪದ ಹಾಗೆ ಮಾಡಿದರು, ಅಷ್ಟೇ. ಬೈದರೆ ಮುಂದಿನ ಸಲ ಜನ ಮುಚ್ಚಿಡುತ್ತಾರೆ ಅನ್ನುವುದು ಈ ವೃತ್ತಿಯವರು ಪೆಟ್ಟು ತಿಂದು ಕಲಿತದ್ದು. ಎಲ್ಲ ಕಡೆ ಹೀಗೆ ನಡೆಯುತ್ತದೆ ಅಂತ ಹೇಳುತ್ತಿಲ್ಲ. ಮೊದಲು ತಲೆ ಉರುಳಿಸುವ ಕಡೆಯೂ ಕೆಲಸ ಮಾಡಿದ್ದೇನೆ. ಅಲ್ಲಿ ಯಾರೂ 'ನಾನು ಬದಲಾಯಿಸಿದೆ' ಅಂತ ಬಾಯಿ ಬಿಡುವುದಿಲ್ಲ. ಅಲ್ಲಿನ ತೊಂದರೆ ಸರಿಹೋಗಲು ರಾತ್ರಿಯೆಲ್ಲ ಬೇಕು.

ಇದನ್ನು ಇಷ್ಟು ಉದ್ದ ಹೇಳಿದ್ದಕ್ಕೆ ಕಾರಣ ಇದೆ. ಸರ್ವರ್ ಡೌನ್ ಅಂದಕೂಡಲೇ ನಮ್ಮ ಜನ ಹ್ಯಾಕರ್ ಅನ್ನುತ್ತಾರೆ. ಹೊರಗಿನ ದಾಳಿ ಇಲ್ಲವೇ ಇಲ್ಲ ಅಂತಲ್ಲ. 2025ರ ಜನವರಿಯಲ್ಲಿ ನಮ್ಮ ನೋಂದಣಿ ಇಲಾಖೆಯ ಕಾವೇರಿ 2.0 ತಂತ್ರಾಂಶವನ್ನು ಯಾರೋ ಸುಳ್ಳು ಖಾತೆಗಳಿಂದ ಕೋರಿಕೆಗಳ ಮಳೆ ಸುರಿಸಿ ಕೂರಿಸಿದ್ದರು, ಸಬ್ ರಿಜಿಸ್ಟ್ರಾರ್ ಕಚೇರಿಗಳಲ್ಲಿ ಜನ ಬಂದು ಬಂದು ವಾಪಸ್ ಹೋದರು. ಆದರೆ ದೊಡ್ಡ ಸುದ್ದಿಯಾದ ಕುಸಿತಗಳಲ್ಲಿ ಜಾಸ್ತಿ ನನ್ನ '5'ರ ತರಹದ್ದೇ. ಒಳಗಿನವರೇ, ಒಳ್ಳೆಯ ಉದ್ದೇಶದಿಂದಲೇ, ಏನೋ ಬದಲಾಯಿಸಲು ಹೋಗಿ ಆದದ್ದು.

2021ರ ಅಕ್ಟೋಬರ್ 4ರ ರಾತ್ರಿ ಒಂಬತ್ತರ ಸುಮಾರಿಗೆ ವಾಟ್ಸ್‌ಆ್ಯಪ್, ಫೇಸ್‌ಬುಕ್, ಇನ್‌ಸ್ಟಾಗ್ರಾಂ ಮೂರೂ ಒಟ್ಟಿಗೆ ಮಲಗಿದವು. ಆರು ಗಂಟೆ ಏಳಲಿಲ್ಲ. ಮೂರಕ್ಕೂ ಕಂಪನಿ ಒಂದೇ, ಅದರ ಡೇಟಾ ಸೆಂಟರ್‌ಗಳನ್ನು ಜೋಡಿಸುವ ಜಾಲದಲ್ಲಿ ಎಷ್ಟು ಜಾಗ ಇದೆ ಅಂತ ನೋಡಲು ಯಾರೋ ಒಂದು ಆದೇಶ ಕೊಟ್ಟರು. ಅದು ಜಾಲವನ್ನೇ ಕತ್ತರಿಸಿತು. ಇಂಥ ಆದೇಶ ತಡೆಯಲು ಒಂದು ಕಾವಲು ಇತ್ತು, ಅದರಲ್ಲೂ ದೋಷ ಇತ್ತು. ಡೇಟಾ ಸೆಂಟರ್ ಸಿಗದೆ ಹೋದಾಗ, ವಿಳಾಸ ಹೇಳುವ ಅವರ ಸರ್ವರ್‌ಗಳು 'ನಾವು ಸರಿಯಿಲ್ಲ' ಅಂದುಕೊಂಡು ಇಂಟರ್ನೆಟ್‌ನ ದಾರಿಫಲಕಗಳಿಂದ ತಮ್ಮ ಹೆಸರನ್ನೇ ಅಳಿಸಿಕೊಂಡವು. ರಿಪೇರಿ ಮಾಡುವವರ ಒಳಗಿನ ಉಪಕರಣಗಳೂ ಅದೇ ಜಾಲದ ಮೇಲೇ ನಿಂತಿದ್ದವು, ಅವೂ ಸತ್ತವು. ಕೊನೆಗೆ ಎಂಜಿನಿಯರ್‌ಗಳು ಗಾಡಿ ಹತ್ತಿ ಡೇಟಾ ಸೆಂಟರ್‌ಗೇ ಹೋಗಬೇಕಾಯಿತು. ಅಷ್ಟು ಭದ್ರ ಕಟ್ಟಡ, ಒಳಗೆ ಹೋಗುವುದೇ ತಡವಾಯಿತು. ಬೀಗದ ಕೈಯನ್ನು ಮನೆಯೊಳಗೆ ಬಿಟ್ಟು ಬಾಗಿಲು ಎಳೆದುಕೊಂಡ ಹಾಗೆ. ಮೂರು ಆ್ಯಪ್ ಇದ್ದರೂ ಗೂಟ ಒಂದೇ ಅಂತ ಅಂದು ಕೋಟ್ಯಂತರ ಜನಕ್ಕೆ ಗೊತ್ತಾಯಿತು. ಬೆಳಗಾಗುವಷ್ಟರಲ್ಲಿ ಮರೆತೂ ಹೋಯಿತು.

2024ರ ಜುಲೈ 19, ಶುಕ್ರವಾರ ಬೆಳಿಗ್ಗೆ ಒಂಬತ್ತೂ ನಲವತ್ತರ ಹೊತ್ತಿಗೆ ಆದದ್ದು ಇನ್ನೂ ವಿಚಿತ್ರ. ಕ್ರೌಡ್‌ಸ್ಟ್ರೈಕ್ ಅನ್ನುವ ಭದ್ರತಾ ಕಂಪನಿ ಕಂಪ್ಯೂಟರ್‌ಗಳಿಗೆ ಒಂದು ಸಣ್ಣ ಅಪ್‌ಡೇಟ್ ಕಳಿಸಿತು. ನಿಮ್ಮ ತೋಟದ ಭಾಷೆಯಲ್ಲಿ ಹೇಳುವುದಾದರೆ, ಆಳುಗಳ ಹಾಜರಿ ಬರೆಯುವ ಚೆಕ್‌ರೋಲ್‌ನಲ್ಲಿ ಇದ್ದದ್ದು 20 ಕಾಲಂ, ತಂತ್ರಾಂಶ 21ನೆಯದನ್ನು ಓದಲು ಹೋಯಿತು. ತೋಟದ ಲೆಕ್ಕ ಬರೆಯುವ ರೈಟರ್ ಆದರೆ 'ಇಲ್ಲಿ ಏನೂ ಇಲ್ಲವಲ್ಲ' ಅಂತ ತಲೆ ಕೆರೆದುಕೊಳ್ಳುತ್ತಿದ್ದ. ಕಂಪ್ಯೂಟರ್ ಕುಸಿದು ನೀಲಿ ಪರದೆ ತೋರಿಸಿತು. ಮೈಕ್ರೋಸಾಫ್ಟ್ ಲೆಕ್ಕದಲ್ಲಿ ಇಂಥವು 85 ಲಕ್ಷ. ಕಂಪನಿ 78 ನಿಮಿಷದಲ್ಲಿ ತಪ್ಪು ಅಪ್‌ಡೇಟನ್ನು ವಾಪಸ್ ತೆಗೆದುಕೊಂಡಿತು. ಅಷ್ಟರಲ್ಲಿ ಬಿದ್ದ ಕಂಪ್ಯೂಟರ್‌ಗಳು ಮಾತ್ರ ಎದ್ದು ನಿಂತು ಸರಿಯಾದದ್ದನ್ನು ಪಡೆಯುವ ಸ್ಥಿತಿಯಲ್ಲೇ ಇರಲಿಲ್ಲ. ಬಹುಪಾಲು ಯಂತ್ರಗಳ ಮುಂದೆ ಮನುಷ್ಯ ಹೋಗಿ ಕೂತು ಆ ಫೈಲ್ ಅಳಿಸಬೇಕಾಯಿತು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಅಂದು ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದುಕೊಟ್ಟರು. ಎಲ್ಲರಿಗೂ ಒಂದೇ ಸಲ ಕಳಿಸದೆ ಮೊದಲು ನೂರು ಕಂಪ್ಯೂಟರ್‌ಗೆ ಕಳಿಸಿ ಅರ್ಧ ಗಂಟೆ ಕಾದಿದ್ದರೆ ಇಷ್ಟು ಆಗುತ್ತಿರಲಿಲ್ಲ. ಹೊಸ ಔಷಧಿಯನ್ನು ನೀವು ಇಡೀ ತೋಟಕ್ಕೆ ಒಂದೇ ದಿನ ಹೊಡೆಸುತ್ತೀರಾ? ಒಂದು ಸಾಲಿಗೆ ಹೊಡೆದು ನೋಡುತ್ತೀರಿ. ಆ ಕಂಪನಿಯೂ ಆಮೇಲೆ ಹಂತ ಹಂತವಾಗಿ ಕಳಿಸುವ ಪದ್ಧತಿಗೆ ಬಂತು.

ಇನ್ನು ನಿಮ್ಮ 'ನಿಜ ಯಾಕೆ ಹೇಳುವುದಿಲ್ಲ' ಅನ್ನುವ ಪ್ರಶ್ನೆ. ಅರ್ಧ ಉತ್ತರ ಏನೆಂದರೆ, ಮೊದಲ ಒಂದು ಗಂಟೆ ಅವರಿಗೂ ಗೊತ್ತಿರುವುದಿಲ್ಲ. 2025ರ ನವೆಂಬರ್ 18ರ ಸಂಜೆ, ಬೇರೆಯವರ ವೆಬ್‌ಸೈಟ್‌ಗಳ ಮುಂದೆ ಕಾವಲು ನಿಲ್ಲುವ ಕ್ಲೌಡ್‌ಫ್ಲೇರ್ ಕಂಪನಿಯ ಜಾಲ ಬಿದ್ದು ಎಕ್ಸ್, ಚಾಟ್‌ಜಿಪಿಟಿ ಎಲ್ಲ ತೆರೆಯದೆ ಹೋದಾಗ ಅದರ ಎಂಜಿನಿಯರ್‌ಗಳೇ ಮೊದಲು ಇದು ದಾಳಿ ಅಂದುಕೊಂಡಿದ್ದರು. ಸ್ಥಿತಿ ತಿಳಿಸುವ ಅವರ ಪುಟ ಬೇರೆ ಕಡೆ ಇತ್ತು, ಕಾಕತಾಳೀಯವಾಗಿ ಅದೂ ಆ ಹೊತ್ತಿಗೆ ಕೈಕೊಟ್ಟಿದ್ದರಿಂದ ಅನುಮಾನ ಗಟ್ಟಿಯಾಯಿತು. ನಿಜ ಬೇರೆ ಇತ್ತು. ತಾವೇ ಮಾಡಿದ ಒಂದು ಅನುಮತಿ ಬದಲಾವಣೆಯಿಂದ ಒಂದು ಫೈಲ್‌ನಲ್ಲಿ ಸಾಲುಗಳು ಎರಡೆರಡು ಸಲ ಬಂದು ಅದು ದುಪ್ಪಟ್ಟಾಗಿತ್ತು. ಅದನ್ನು ಓದುವ ತಂತ್ರಾಂಶ 200ರ ಮಿತಿ ದಾಟಿದ ಕೂಡಲೇ ಸತ್ತುಬಿದ್ದಿತ್ತು. ಅದೇ ದಿನ ಮುಖ್ಯಸ್ಥ ಮ್ಯಾಥ್ಯೂ ಪ್ರಿನ್ಸ್ ಹೆಸರಿನಲ್ಲಿ ಪೂರ್ತಿ ವಿವರ ಹೊರಬಂತು, ತಪ್ಪಿದ ಕೋಡ್‌ನ ಸಾಲು ಸಮೇತ. ದಾಳಿ ಅಂದುಕೊಂಡಿದ್ದೆವು ಅನ್ನುವುದನ್ನೂ ಮುಚ್ಚಿಡಲಿಲ್ಲ. ನನಗೆ ಆ ಕಂಪನಿಯ ಮೇಲೆ ಗೌರವ ಜಾಸ್ತಿಯಾದದ್ದು ಅವತ್ತು.

ಉಳಿದರ್ಧ ಉತ್ತರ ದುಡ್ಡಿನದು. ತಮ್ಮ ಕಂಪ್ಯೂಟರ್‌ಗಳನ್ನು ಬಾಡಿಗೆಗೆ ಕೊಡುವ ಕ್ಲೌಡ್ ಕಂಪನಿಗಳು ದೊಡ್ಡ ಗಿರಾಕಿಗಳಿಗೆ 'ಇಷ್ಟು ಹೊತ್ತು ನಡೆಯುತ್ತದೆ' ಅಂತ ಬರೆದುಕೊಟ್ಟಿರುತ್ತವೆ. ಶೇಕಡಾ 99.9 ಅಂದರೆ ನೂರಕ್ಕೆ ನೂರು ಅಂದ ಹಾಗೇ ಕೇಳಿಸುತ್ತದೆ ಅಲ್ವಾ? ಲೆಕ್ಕ ಹಾಕಿ. ವರ್ಷಕ್ಕೆ ಎಂಟೂಮುಕ್ಕಾಲು ಗಂಟೆ ನಿಂತರೂ ಮಾತು ಉಳಿಸಿಕೊಂಡ ಹಾಗೆ. 99.99 ಆದರೆ 52 ನಿಮಿಷ. ಇದನ್ನು ದಾಟಿದರೆ ಮುಂದಿನ ಬಿಲ್‌ನಲ್ಲಿ ಒಂದಿಷ್ಟು ಸೋಡಿ ಕೊಡುತ್ತಾರೆ. ನಿಮ್ಮ ವ್ಯಾಪಾರ ಎಷ್ಟು ಹೋಯಿತು ಅನ್ನುವುದರ ಜೊತೆ ಅದಕ್ಕೆ ಸಂಬಂಧವೇ ಇಲ್ಲ. ಹಾಗಾಗಿ 'ಎಲ್ಲ ನಿಂತಿದೆ' ಅಂತ ಬರೆಯುವ ಮುಂಚೆ ಆ ಸಾಲು ವಕೀಲರ ಕಣ್ಣಿನಿಂದಲೂ ಹಾದು ಬರುತ್ತದೆ. ಬರುವಷ್ಟರಲ್ಲಿ 'ಎಲ್ಲ' ಹೋಗಿ 'ಕೆಲವು ಗ್ರಾಹಕರು' ಆಗಿರುತ್ತದೆ. ಕಣದಲ್ಲಿ ಕೂತ ನಿಮ್ಮ ಹದಿನಾಲ್ಕು ಜನ ಆ 'ಕೆಲವು'.

ಒಂದೊಂದು ಸಲ ಹೇಳಬೇಕೆಂದರೂ ಆಗುವುದಿಲ್ಲ. 2017ರ ಫೆಬ್ರವರಿ 28ರಂದು ಅಮೆಜಾನ್‌ನ ಎಂಜಿನಿಯರ್ ಒಬ್ಬರು ಒಂದು ಆದೇಶವನ್ನು ತಪ್ಪಾಗಿ ಬರೆದು, ಬೇಕಾದ್ದಕ್ಕಿಂತ ಜಾಸ್ತಿ ಸರ್ವರ್ ತೆಗೆದುಬಿಟ್ಟರು. ಎಸ್3 ಅನ್ನುವ, ಬೇರೆ ಕಂಪನಿಗಳ ಫೈಲ್‌ಗಳನ್ನು ಇಡುವ ಅವರ ಉಗ್ರಾಣ ಸುಮಾರು ನಾಲ್ಕು ಗಂಟೆ ಸರಿಯಾಗಿ ನಡೆಯಲಿಲ್ಲ. ಸ್ಥಿತಿ ತಿಳಿಸುವ ಫಲಕವೂ ಅದೇ ಉಗ್ರಾಣದ ಮೇಲೆ ನಿಂತಿತ್ತು. ಎಲ್ಲ ಬಿದ್ದಿದ್ದರೂ ಫಲಕದಲ್ಲಿ ಹಸಿರು ದೀಪ ಉರಿಯುತ್ತಿತ್ತು, ಅದನ್ನು ಕೆಂಪು ಮಾಡಲು ಬೇಕಾದದ್ದೇ ಕೆಟ್ಟಿತ್ತು.

ನಮ್ಮ ಬ್ಯಾಂಕುಗಳ ವಿಷಯಕ್ಕೆ ಬಂದರೆ ನನಗೆ ಬೇಸರ ಇದೆ. 'ತಾಂತ್ರಿಕ ತೊಂದರೆ' ಅನ್ನುವ ಎರಡು ಪದದ ಆಚೆ ಜನಸಾಮಾನ್ಯರಿಗೆ ಓದಲು ಸಿಗುವ ವರದಿ ಬಹಳ ಅಪರೂಪ. ಅವರು ಹೆದರುವುದು ಆರ್‌ಬಿಐ ಬೆತ್ತಕ್ಕೆ. ಪದೇ ಪದೇ ಸೇವೆ ನಿಂತಿದ್ದಕ್ಕೆ 2020ರ ಡಿಸೆಂಬರ್‌ನಲ್ಲಿ ಎಚ್‌ಡಿಎಫ್‌ಸಿ ಬ್ಯಾಂಕಿಗೆ ಹೊಸ ಕ್ರೆಡಿಟ್ ಕಾರ್ಡ್ ಕೊಡುವುದು, ಹೊಸ ಡಿಜಿಟಲ್ ಸೇವೆ ಶುರು ಮಾಡುವುದು ಎರಡನ್ನೂ ನಿಲ್ಲಿಸಿತ್ತು. ಆ ನಿರ್ಬಂಧ ಪೂರ್ತಿ ಸಡಿಲವಾದದ್ದು 2022ರ ಮಾರ್ಚ್‌ನಲ್ಲಿ. 2024ರ ಏಪ್ರಿಲ್‌ನಲ್ಲಿ ಕೋಟಕ್ ಮಹೀಂದ್ರ ಬ್ಯಾಂಕಿಗೂ ಇಂಥದ್ದೇ ಬಿತ್ತು, ಆನ್‌ಲೈನ್‌ನಲ್ಲಿ ಹೊಸ ಗ್ರಾಹಕರನ್ನು ಸೇರಿಸುವ ಹಾಗಿಲ್ಲ ಅಂತ. ಬೆತ್ತ ಬಿದ್ದದ್ದು ಒಳ್ಳೆಯದೇ. ಆದರೆ ಅಂದು ಏನು ಕೆಟ್ಟಿತ್ತು, ಈಗ ಹೇಗೆ ಸರಿಯಾಗಿದೆ ಅಂತ ದುಡ್ಡು ಇಟ್ಟ ನಮಗೂ ಒಂದು ಪುಟ ಬರೆದು ಹೇಳಬಹುದಲ್ಲ.

ಇವರನ್ನು ನಂಬಿದ್ದು ತಪ್ಪಾ ಅಂತ ಕೇಳಿದ್ದೀರಿ. ತಪ್ಪಲ್ಲ. ನಿಮ್ಮ ತೋಟದಲ್ಲಿ ಅಸ್ಸಾಂ ಕಡೆಯ ಜನ ಕುಯ್ಲಿಗೆ ಬಂದಿದ್ದರೆ, ಅವರಿಗೆ ಬೇಕಾದದ್ದು ನೋಟಲ್ಲ, ರಾತ್ರಿಯೇ ಊರಿಗೆ ಕಳಿಸಬಹುದಾದ ದುಡ್ಡು. 'ಹಿಂದಿನ ಕಾಲದ ಹಾಗೆ ಕ್ಯಾಶ್ ಇಡಿ' ಅಂತ ಸುಮ್ನೆ ಹೇಳಿದರೆ ಅವರ ಕಷ್ಟ ನನಗೆ ಗೊತ್ತಿಲ್ಲ ಅಂತಾಯಿತು. ಆದರೆ ಸಂತೆಗೆ ಹೋಗುವ ಊರಿನವರಿಗೆ ಐನೂರು, ಸಾವಿರ ಕೈಯಲ್ಲಿದ್ದರೆ ಸಾಕು. ಕುಯ್ಲಿನ ತಿಂಗಳುಗಳಲ್ಲಿ ಅಷ್ಟು ನೋಟು ಬೀರುವಿನಲ್ಲಿ ಇರಲಿ, ಬಾಕಿ ಸೋಮವಾರ ಖಾತೆಗೆ ಹೋಗುತ್ತದೆ ಅಂತ ರೈಟರ್ ಕೈಯಲ್ಲಿ ಬರೆಸಿಡಿ.

ಇನ್ನೊಂದು ಬ್ಯಾಂಕಿನಲ್ಲಿ ಖಾತೆ ತೆರೆಯಿರಿ. ಎರಡನೇ ಆ್ಯಪ್‌ಗೆ ಆ ಖಾತೆ ಜೋಡಿಸಿ. ಒಂದು ವಾರದ ಬಟವಾಡೆಯ ಅರ್ಧದಷ್ಟಾದರೂ ಅಲ್ಲಿರಲಿ, ಖಾಲಿ ಖಾತೆ ಇಟ್ಟುಕೊಂಡು ಏನು ಮಾಡೋದು? ಹೋಮ್‌ಸ್ಟೇ ಕೌಂಟರಿನಲ್ಲಿ ಎರಡೂ ಬ್ಯಾಂಕಿನ ಕ್ಯೂಆರ್ ಅಂಟಿಸಿ. ಬಟವಾಡೆಯನ್ನು ಶನಿವಾರ ಸಂಜೆಗೆ ಬಿಡದೆ ಶುಕ್ರವಾರ ರಾತ್ರಿಯೋ ಶನಿವಾರ ಬೆಳಿಗ್ಗೆಯೋ ಕಳಿಸಿದರೆ, ಏನಾದರೂ ಸಿಕ್ಕಿಬಿದ್ದರೂ ಒಂದು ಹಗಲು ನಿಮ್ಮ ಕೈಯಲ್ಲಿರುತ್ತದೆ. ಚಿಲ್ಲರೆ ಖರ್ಚಿಗೆ ಯುಪಿಐ ಲೈಟ್‌ನಲ್ಲಿ, ಅಂದರೆ ಆ್ಯಪ್‌ನೊಳಗಿನ ಸಣ್ಣ ಪರ್ಸಿನಲ್ಲಿ, ದುಡ್ಡು ತುಂಬಿಸಿಡಿ. ಅದರಲ್ಲಿ ಒಂದು ಸಲಕ್ಕೆ ₹1,000, ಒಟ್ಟು ₹5,000 ಮಿತಿ. ಕೊಡುವಾಗ ಪ್ರತಿ ಸಲ ನಿಮ್ಮ ಬ್ಯಾಂಕಿನ ಲೆಕ್ಕದ ಪುಸ್ತಕ ತೆರೆಯಬೇಕಾಗಿಲ್ಲ, ಹಾಗಾಗಿ ಅದು ಕುಂಟುವಾಗಲೂ ಇದು ನಡೆಯುತ್ತದೆ. ನೆಟ್ ಹೋದರೆ ಮಾತ್ರ ಇದನ್ನು ನೆಚ್ಚಬೇಡಿ. ನೆಟ್ ಇಲ್ಲದೆ ಕರೆ ಮಾತ್ರ ಹೋಗುವ ಕಡೆ *99# ಒತ್ತಿ ದುಡ್ಡು ಕಳಿಸುವ ದಾರಿ ಇದೆ. ಮುದುಕನ ಹಾಗೆ ನಿಧಾನ, ಆದರೂ ಒಮ್ಮೆ ಬಿಡುವಾಗಿದ್ದಾಗ ಒತ್ತಿ ಅಭ್ಯಾಸ ಮಾಡಿಕೊಳ್ಳಿ. ಬೆಂಕಿ ಬಿದ್ದಾಗ ಬಾವಿ ತೋಡಲು ಆಗುವುದಿಲ್ಲ.

ಹೋಮ್‌ಸ್ಟೇಗೆ ಬರುವವರ ವಿಷಯ ಇನ್ನೂ ಸುಲಭ, ಆದರೆ ಯಾರೂ ಮಾಡುವುದಿಲ್ಲ. ಶುಕ್ರವಾರ ಮಧ್ಯಾಹ್ನ ಆ ವಾರಾಂತ್ಯದ ಅತಿಥಿಗಳ ಹೆಸರು, ಫೋನ್ ನಂಬರ್, ಕಟ್ಟಿದ ಮುಂಗಡ ಇಷ್ಟನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಬುಕಿಂಗ್ ಆ್ಯಪ್ ಬಿದ್ದರೂ ಬರುವವರು ಬಂದೇ ಬರುತ್ತಾರೆ. ದಾರಿಯನ್ನು ಬರೀ ಮ್ಯಾಪ್ ಲಿಂಕ್‌ನಲ್ಲಿ ಕಳಿಸದೆ, 'ಹ್ಯಾಂಡ್‌ಪೋಸ್ಟ್‌ನಲ್ಲಿ ಎಡಕ್ಕೆ, ಶಾಲೆ ದಾಟಿ ಎರಡನೇ ಗೇಟು' ಅನ್ನುವ ಹಾಗೆ ನಾಲ್ಕು ಸಾಲು ಎಸ್‌ಎಂಎಸ್ ಮಾಡಿ. ಮುಳ್ಳಯ್ಯನಗಿರಿಗೆ ಮುಂಗಡ ಬುಕಿಂಗ್ ಮಾಡಿಕೊಂಡು ಬರುವವರಿಗೆ ಅದರ ಚಿತ್ರ ಫೋನಿನಲ್ಲೇ ಉಳಿಸಿಕೊಳ್ಳಲು ಹೇಳಿ, ಗುಡ್ಡದ ಬುಡದಲ್ಲಿ ನೆಟ್ ಹುಡುಕುವ ಗೋಳು ತಪ್ಪುತ್ತದೆ.

ಸಿಮ್ ಬಗ್ಗೆ ಒಂದು ಮಾತು ಉಳಿಯಿತು. ಅಂದು ತೊಂದರೆ ಬ್ಯಾಂಕಿನದು, ಸರಿ. ಮಳೆಗಾಲದಲ್ಲಿ ತೊಂದರೆ ನೆಟ್‌ವರ್ಕಿನದೇ ಇರುತ್ತದೆ. ನಿಮ್ಮ ಎರಡು ಸಿಮ್ ಎರಡು ಕಂಪನಿಯವು ಇರಬಹುದು. ಎರಡರ ಆಂಟೆನಾ ಒಂದೇ ಟವರ್ ಮೇಲಿದ್ದರೆ? ಆ ಟವರ್‌ನ ಬ್ಯಾಟರಿ ಖಾಲಿಯಾದರೆ ಎರಡೂ ಒಟ್ಟಿಗೆ ಸಾಯುತ್ತವೆ. ವೈಫೈಗೆ ಕೇಬಲ್‌ನವರ ಫೈಬರ್ ಹಾಕಿಸಿದ್ದರೆ ಅದು ಹೆಚ್ಚಾಗಿ ಕರೆಂಟಿನ ಕಂಬದ ಮೇಲೆಯೇ ಬಂದಿರುತ್ತದೆ. ಮರ ಬಿದ್ದರೆ ಕರೆಂಟೂ ಹೋಯಿತು, ನೆಟ್ಟೂ ಹೋಯಿತು. ಒಂದು ದಿನ ಸಂಜೆ ಗೇಟಿನಿಂದ ಟಾರ್ ರಸ್ತೆ ತನಕ ತಲೆ ಎತ್ತಿಕೊಂಡು ನಡೆಯಿರಿ. ಯಾವ ತಂತಿ ಯಾವ ಕಂಬದ ಮೇಲೆ ಬಂದಿದೆ, ಯಾವ ಕಂಬದ ಪಕ್ಕ ಹಳೆ ಹಲಸಿನ ಮರ ವಾಲಿದೆ ಅಂತ ನೋಡಿಕೊಂಡು ಬನ್ನಿ. ನಾನು ಕಂಪನಿಗಳಲ್ಲಿ ದುಡ್ಡು ತೆಗೆದುಕೊಂಡು ಮಾಡುವ ಕೆಲಸವೂ ಇದೇ, ಅಲ್ಲಿ ಕಂಬ ಕಣ್ಣಿಗೆ ಕಾಣುವುದಿಲ್ಲ ಅನ್ನುವುದೊಂದೇ ವ್ಯತ್ಯಾಸ.

ಆ ಇಬ್ಬರ ದುಡ್ಡು ಇನ್ನೂ ವಾಪಸ್ ಬಂದಿಲ್ಲ ಅಂದರೆ, ಆ್ಯಪ್‌ನಲ್ಲಿ ಆ ಎರಡು ವ್ಯವಹಾರ ತೆರೆದು 12 ಅಂಕಿಯ ನಂಬರ್ ಬರೆದುಕೊಳ್ಳಿ. ಮೊದಲು ಆ್ಯಪ್‌ನಲ್ಲೇ ದೂರು ಹಾಕಿ, ಆಮೇಲೆ ಬ್ಯಾಂಕಿಗೆ ಲಿಖಿತವಾಗಿ ಕೊಡಿ, ಸ್ವೀಕೃತಿ ಕೇಳಿ ಪಡೆಯಿರಿ. ದಿನಕ್ಕೆ ₹100ರ ಪರಿಹಾರವನ್ನೂ ಅದೇ ಅರ್ಜಿಯಲ್ಲಿ ಕೇಳಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಬ್ಯಾಂಕುಗಳ ಮೇಲಿನ ದೂರು ಕೇಳುವ ಆರ್‌ಬಿಐ ಒಂಬುಡ್ಸ್‌ಮನ್‌ಗೆ ಹೋಗಬಹುದು. ಅದಕ್ಕೆ ಶುಲ್ಕ ಇಲ್ಲ, ವಕೀಲರೂ ಬೇಕಾಗಿಲ್ಲ. 14448ಕ್ಕೆ ಕರೆ ಮಾಡಿದರೆ ದಾರಿ ಹೇಳುತ್ತಾರೆ. ಹೋಗುವಾಗ ಆ ಸ್ವೀಕೃತಿ ಕೈಯಲ್ಲಿರಲಿ.